ಗೇಣು ಮೇಸ್ತ್ರಿ ಮಗಳ ಮನೆಗೆ ಕೊಟ್ಟ ಮೇಜು

ನಮ್ಮನೆಯವರಿಗೆ ಬೀದಿಯಲ್ಲಿ ಗೇಣು ಮೇಸ್ತ್ರಿ ಎಂದೇ ಹೆಸರು. ಬಡಗಿ ಕೆಲಸಕ್ಕೆ ಕೈಹಾಕಿದ ದಿನದಿಂದ ಅಳತೆಯ ವಿಷಯದಲ್ಲಿ ಅವರು ನಂಬಿದ್ದು ತಮ್ಮ ಬಲಗೈಯನ್ನು ಮಾತ್ರ. ಹೆಬ್ಬೆರಳು ಇಲ್ಲಿ, ಕಿರುಬೆರಳು ಅಲ್ಲಿ ಊರಿ, ಹಲಗೆಯ ಮೇಲೆ ಕೈ ನಡೆಸಿಕೊಂಡು ಹೋಗುವರು. ಟೇಪು ಇರಲಿಲ್ಲ ಎಂದಲ್ಲ. ಗಿರಾಕಿಗಳ ಮನೆಗೆ ಹೋದಾಗ ಅದನ್ನು ಸರ್ರನೆ ಎಳೆದು, ಕಣ್ಣು ಕಿರಿದು ಮಾಡಿ ನೋಡಿ, ದೊಡ್ಡದಾಗಿ ಹೂಂಗುಟ್ಟಿ ಮತ್ತೆ ಜೇಬಿಗೆ ಹಾಕಿಕೊಳ್ಳುವರು. ಆ ಮನೆಯವರು ಚಹಾ ತರಲು ಒಳಗೆ ಹೋಗುವುದೇ ತಡ, ಗೋಡೆಯ ಮೇಲೆ ಗೇಣು ಹಾಕಿ ನಿಜವಾದ ಅಳತೆ ತೆಗೆದುಕೊಳ್ಳುವರು. "ಟೇಪು ಅವರ ಸಮಾಧಾನಕ್ಕೆ ಕಣೇ, ಗೇಣು ನನ್ನ ಸಮಾಧಾನಕ್ಕೆ" ಎಂದು ನನ್ನ ಹತ್ತಿರ ಹೇಳಿ ನಗುವರು. ಕೊಯ್ದ ಹಲಗೆಗಳನ್ನು ಒಂದರ ಪಕ್ಕ ಒಂದಿಟ್ಟು ಸಮ ಇದೆಯೇ ಎಂದು ನೋಡುವುದು ಅವರ ಪ್ರಕಾರ ಕೆಲಸ ಕಲಿಯುವವರ ಹಣೆಬರಹ. ಅವರೆಂದೂ ನೋಡುತ್ತಿರಲಿಲ್ಲ, ನೋಡುವ ಅಗತ್ಯವೂ ಬೀಳುತ್ತಿರಲಿಲ್ಲ. ಆ ಜಂಬಕ್ಕೆ ನಾನೂ ಸಾಕಷ್ಟು ನೀರೆರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಇನ್ನು ಹೊರದೇಶದಿಂದ ಬರುವ ಫರ್ನಿಚರ್ ಅಂದರೆ ಅವರಿಗೆ ಮೈಯೆಲ್ಲ ಉರಿ. ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ನೋಡುವುದು, "ಹೊಟ್ಟು" ಎಂದು ಎಲ್ಲರಿಗೂ ಕೇಳುವಂತೆ ತೀರ್ಪು ಕೊಡುವುದು. "ಇದೇನು ಮರಾನಾ? ಮರದ ಹೊಟ್ಟಿಗೆ ಅಂಟು ಕಲಸಿ ಒತ್ತಿದಾರೆ. ಮೇಲೊಂದು ತೆಳ್ಳಗಿನ ಸಿಪ್ಪೆ. ನೀರು ಬಿದ್ರೆ ಊದ್ಕೊಳ್ಳತ್ತೆ." ಕುರ್ಚಿಯ ಯಜಮಾನರು ಪಾಪ, ಚಹಾದ ಲೋಟ ಹಿಡಿದುಕೊಂಡು ಹಲ್ಲು ಬಿಡುತ್ತಾ ನಿಂತಿರುತ್ತಾರೆ. ನನಗೋ ಎದ್ದು ಓಡಿಹೋಗೋಣ ಅನ್ನಿಸುತ್ತಿತ್ತು.

ನಮಗೆ ಒಬ್ಬಳೇ ಮಗಳು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಅವಳೂ ಅಳಿಯನೂ ಬಾಡಿಗೆ ಮನೆ ಬಿಟ್ಟು, ಮಹಡಿಯ ಮೇಲೆ ಒಂದು ಸ್ವಂತ ಮನೆ ಮಾಡಿಕೊಂಡರು. ಅಡುಗೆಮನೆ ಮತ್ತು ಕಿಟಕಿಯ ನಡುವೆ ಸ್ವಲ್ಪ ಜಾಗ, ಅಲ್ಲೊಂದು ಊಟದ ಮೇಜು ಬೇಕು. ಒಂದು ದಿನ ಇಬ್ಬರೂ ನಮ್ಮ ಮನೆಗೆ ಬಂದಾಗ ಮಗಳು ಫೋನು ಹಿಡಿದುಕೊಂಡು ಅಪ್ಪನ ಪಕ್ಕ ಮೆತ್ತಗೆ ಕೂತಳು.

"ಅಪ್ಪಾ, ಬೈಬೇಡ. ಮೇಜು ಒಂದು ಬುಕ್ ಮಾಡಿದೀವಿ. ಸುಮ್ನೆ ಫೋಟೋ ನೋಡು."

ಇವರು ನೋಡಿದರು. ಮೂಲೆಗಳು ಗುಂಡಗೆ, ಕಾಲುಗಳು ಸಣ್ಣಗೆ ಹೊರಕ್ಕೆ ಚಾಚಿಕೊಂಡಿದ್ದ ತಿಳಿ ಬಣ್ಣದ ಮೇಜು. ಸುಳ್ಳು ಹೇಳಬಾರದು, ಚೆಂದವಾಗಿತ್ತು. ನಾನು ಚೆಂದ ಅನ್ನುವಷ್ಟರಲ್ಲಿ ಇವರ ದನಿ ಏರಿತ್ತು.

"ಹೊರದೇಶದ್ದಾ? ಬಡಗಿ ಮಗಳ ಮನೇಲಿ ಹೊಟ್ಟಿನ ಮೇಜು! ನಾನಿನ್ನೂ ಬದುಕಿದೀನಿ ಕಣೇ."

"ನಿಮಗ್ಯಾಕೆ ತೊಂದ್ರೆ ಅಂತ ಮಾವ..." ಎಂದ ಅಳಿಯ.

"ಮಗಳಿಗೊಂದು ಮೇಜು ಮಾಡೋದು ತೊಂದ್ರೇನಾ? ಈಗ್ಲೇ ಫೋನ್ ಮಾಡಿ ಬೇಡ ಅನ್ನು. ನನ್ನ ಮುಂದೇನೇ ಮಾಡು."

ಮಗಳು ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ. ಗಂಡನ ಎದುರಿಗೇ ಆ ಹುಡುಗಿ ಅಂಗಡಿಗೆ ಫೋನ್ ಮಾಡಿ, "ಸಾರಿ, ನಮಗೆ ಬೇಡ. ನಮ್ಮ ತಂದೆ ಮಾಡ್ಕೊಡ್ತಾರೆ" ಎಂದು ಹೇಳಿದಳು. ಹೇಳಿ ಮುಗಿಸಿ ನಕ್ಕಳು ಕೂಡ. ನಮ್ಮ ಮನೆಯಲ್ಲಿ ಅಪ್ಪನ ಮಾತಿಗೆ ಹಾಗೆ ನಗುವುದು ಅವಳಿಗೆ ಚಿಕ್ಕಂದಿನಿಂದ ಅಭ್ಯಾಸ.

ಮರುದಿನವೇ ಇವರು ನನ್ನನ್ನು ಎಳೆದುಕೊಂಡು ಆ ಅಂಗಡಿಗೆ ಹೊರಟರು. "ಅದಕ್ಕಿಂತ ಚೆನ್ನಾಗಿ ಮಾಡ್ಬೇಕಾದ್ರೆ ಅದನ್ನ ನೋಡ್ಬೇಕಲ್ಲ" ಎಂದು. ಅಂಗಡಿಯೋ ಗಾಜಿನ ಅರಮನೆ. ಒಳಗೆ ಸೋಫಾಗಳು, ಮಂಚಗಳು, ಎಲ್ಲದರ ಮೇಲೂ ದೀಪ. ಇವರು ನೇರ ಹೋಗಿ ಆ ಮೇಜಿನ ಅಡಿಗೆ ನುಸುಳಿ ಅಂಗಾತ ಮಲಗಿಬಿಟ್ಟರು. ಎರಡು ಕಾಲು ಮಾತ್ರ ಹೊರಗೆ. ಟೈ ಕಟ್ಟಿಕೊಂಡಿದ್ದ ಸೇಲ್ಸ್‌ಮನ್ ಓಡಿಬಂದ.

"ಅಂಕಲ್, ಏನಾದ್ರೂ ಬಿದ್ದೋಯ್ತಾ?"

"ಹೂಂ. ನಿಮ್ಮ ಅಂಗಡಿ ಮಾನ. ಹುಡುಕ್ತಾ ಇದೀನಿ" ಎಂದು ಅಡಿಯಿಂದಲೇ ಉತ್ತರ ಬಂತು.

ಸುತ್ತಲಿದ್ದವರು ನಕ್ಕರು. ಆ ಸೇಲ್ಸ್‌ಮನ್ ಕೂಡ ನಕ್ಕ, ಒಳ್ಳೆಯವನು. ಇವರು ಮೀಸೆ ತಿರುವಿಕೊಂಡು ಹೊರಗೆ ಬಂದರು.

ಮನೆಯ ಹಿಂದೆಯೇ ಇವರ ಷೆಡ್ಡು. ಒಳ್ಳೆಯ ತೇಗದ ಹಲಗೆ ಬಂತು. ಮೊದಮೊದಲು ಗರಗಸದ ಸದ್ದು, ಕೀಸುಳಿಯ ಸದ್ದು, ನಡುವೆ ಇವರ ಹಾಡು. ಆಮೇಲೆ ಹಾಡು ನಿಂತಿತು. ಬರಬರುತ್ತಾ ಉಳಿಯ ಏಟು ಒಂದು ಬಿದ್ದರೆ ಇನ್ನೊಂದು ಬೀಳುವುದಕ್ಕೆ ಬಹಳ ಹೊತ್ತು. ನಾನು ಚಹಾ ತೆಗೆದುಕೊಂಡು ಹೋದರೆ ಗಡಬಡಿಸಿ ಗೋಣಿಚೀಲ ಎಳೆದು ಕೆಲಸವನ್ನು ಮುಚ್ಚುತ್ತಿದ್ದರು.

"ಬಾಗಿಲು ತಟ್ಟಿ ಬರಬಾರ್ದಾ?"

"ಷೆಡ್ಡಿಗೆ ಬಾಗಿಲೆಲ್ಲಿದೆ? ಬಡಗಿ ನೀವು, ಮೊದ್ಲು ಅದನ್ನ ಮಾಡಿ" ಎಂದೆ. ಅವರು ನಗಲಿಲ್ಲ. ಅಲ್ಲಿಗೆ ನನಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಬೇಕಿತ್ತು.

ಒಂದು ಮಧ್ಯಾಹ್ನ ಇವರು ಮತ್ತೆ ಮರ ತರಲು ಹೋದಾಗ ಚೀಲ ಎತ್ತಿ ನೋಡಿದೆ. ಮೇಜಿನ ಚೌಕಟ್ಟು ಸೊಟ್ಟಗಿತ್ತು. ನನ್ನಂಥವಳ ಕಣ್ಣಿಗೂ ಹೊಡೆದು ಕಾಣುವಷ್ಟು ಸೊಟ್ಟ. ಒಂದು ಪಕ್ಕದ ಪಟ್ಟಿ ಉದ್ದ, ಎದುರಿನದು ಗಿಡ್ಡ. ಕೂಡಿಸಿದ ಕಡೆಯಲ್ಲೆಲ್ಲ ಬಾಯಿ ಬಿಟ್ಟ ಸಂದು. ಆ ಸಂದುಗಳಿಗೆ ನಮ್ಮನೆಯವರು ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿದ್ದರು. ಊರಿನವರ ಕುರ್ಚಿಗಳನ್ನೆಲ್ಲ ಬಡಿದು ಬಡಿದು ಹೊಟ್ಟು ಎಂದವರು! ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರು ಬರುವವರೆಗೂ ಏಳಲಿಲ್ಲ.

ಬಂದವರು ಹಲಗೆಯನ್ನು ಗೋಡೆಗೆ ಒರಗಿಸಿದರು. ನನ್ನ ಮೇಲೆ ರೇಗುತ್ತಾರೆ ಅಂದುಕೊಂಡೆ. ರೇಗಲಿಲ್ಲ.

"ಬೆಳಗ್ಗೆ ಹಾಕೋ ಗೇಣೇ ಬೇರೆ, ಮಧ್ಯಾಹ್ನ ಹಾಕೋ ಗೇಣೇ ಬೇರೆ ಆಗೋಗಿದೆ ಕಣೇ" ಎಂದರು.

ನನಗೆ ಅರ್ಥವಾಯಿತು. ಕೆಲ ಕಾಲದಿಂದ ಬೆಳಗಿನ ಹೊತ್ತು ಅವರ ಬೆರಳುಗಳು ಹಿಡಿದುಕೊಂಡಿರುತ್ತಿದ್ದವು. ಅಂಗಿಯ ಗುಂಡಿ ಹಾಕುತ್ತಿದ್ದವಳು ನಾನೇ. "ಈಗಿನ ಗುಂಡಿಗಳೇ ಸರಿಯಿಲ್ಲ" ಎಂದು ಅವರು ಗೊಣಗುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಬಿಸಿಲೇರಿದ ಮೇಲೆ ಕೈ ಸ್ವಲ್ಪ ಸಡಿಲವಾಗುತ್ತಿತ್ತು. ಬೆಳಗ್ಗೆ ಅಳೆದ ಪಟ್ಟಿ ಗಿಡ್ಡವಾಗಿತ್ತು, ಮಧ್ಯಾಹ್ನ ಅಳೆದದ್ದು ಉದ್ದವಾಗಿತ್ತು. ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸವಂತೂ ಇಲ್ಲ.

"ಟೇಪು ಹಿಡೀರಿ ಮತ್ತೆ. ಅದಕ್ಕೇನು ಮಹಾ?"

"ಹಿಡಿದೆ. ಎರಡನೇ ಸಲ ಟೇಪಲ್ಲೇ ಅಳೆದೆ. ಉಳಿ ನಿಲ್ಲಲ್ಲ ಕೈಯಲ್ಲಿ, ಜಾರತ್ತೆ."

"ಹಾಗಾದ್ರೆ ಮಗಳಿಗೆ ಹೇಳಿಬಿಡೋಣ ರೀ. ಅವಳೇನು ಹೊರಗಿನವಳಾ?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಅಳಿಯನ ಮುಂದೆ ಫೋನ್ ಮಾಡ್ಸಿ ಬೇಡ ಅನ್ಸಿದೀನಿ."

"ಬೇರೆ ಬಡಗಿ ಕೈಲಾದ್ರೂ ಮಾಡ್ಸಿ."

"ಸಾಯಂಕಾಲದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿರತ್ತೆ. ಗೇಣು ಮೇಸ್ತ್ರಿ ಮಗಳಿಗೆ ಇನ್ನೊಬ್ಬನ ಕೈಲಿ ಮೇಜು ಮಾಡ್ಸಿದ ಅಂತ. ಅದಕ್ಕಿಂತ ಸಾಯೋದು ವಾಸಿ."

ಇತ್ತ ಮಗಳು ಹೊಸ ಮನೆಗೆ ಹೋಗಿಯಾಗಿತ್ತು. ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಬರುವ ಭಾನುವಾರ ಅವಳ ಅತ್ತೆ ಮಾವನನ್ನೂ ನಮ್ಮನ್ನೂ ಊಟಕ್ಕೆ ಕರೆದಿದ್ದಳು. "ಮೇಜು ಆಗದಿದ್ರೆ ಚಾಪೆ ಹಾಸ್ತೀನಿ, ಅಪ್ಪನಿಗೆ ಅವಸರ ಮಾಡ್ಬೇಡಮ್ಮ" ಎಂದಿದ್ದಳು ನನಗೆ. ಅವಳು ಹಾಗೆ ಅಂದಳೆಂದು ನಾನು ಇವರಿಗೆ ಹೇಳಿದ್ದೇ ತಪ್ಪಾಯಿತೋ ಏನೋ. ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತಂದು ನನ್ನ ಮುಂದೆ ನಿಂತರು, ಗುಂಡಿ ಹಾಕೆಂದು.

"ನಡಿ. ಆ ಅಂಗಡಿಗೆ ಹೋಗ್ಬರೋಣ."

ಆ ಗಾಜಿನ ಬಾಗಿಲ ಮುಂದೆ ಅವರು ನಿಂತುಬಿಟ್ಟರು. ಕಳ್ಳತನಕ್ಕೆ ಬಂದವರಂತೆ ಆಚೀಚೆ ನೋಡುತ್ತಿದ್ದರು. ಒಳಗೆ ಅದೇ ಸೇಲ್ಸ್‌ಮನ್. ಗುರುತು ಹಿಡಿದು ಮುಖವರಳಿಸಿದ.

"ಬನ್ನಿ ಅಂಕಲ್! ಈ ಸಲ ಕೆಳಗೆ ನೋಡಲ್ವಾ?"

"ಬೇಡ" ಎಂದರು ಇವರು, ನೆಲ ನೋಡುತ್ತಾ. "ಪ್ಯಾಕ್ ಮಾಡಿ."

ಕೈ ತೋರಿಸಿದ್ದು ಮಗಳು ಫೋಟೋದಲ್ಲಿ ತೋರಿಸಿದ್ದ ಅದೇ ಮೇಜಿಗೆ. ನಾನು ಅವರ ತೋಳು ಹಿಡಿದೆಳೆದೆ.

"ಅದೇ ಯಾಕ್ರೀ? ಬೇರೆ ಯಾವ್ದಾದ್ರೂ ತಗೊಳ್ಳಿ. ಕಂಡ ತಕ್ಷಣ ಗುರುತು ಹಿಡೀತಾಳೆ."

"ಅವಳಿಗೆ ಬೇಕಾಗಿದ್ದು ಅದೇ ತಾನೇ? ಕಪ್ಪು ಪಾಲಿಶ್ ಹೊಡೀತೀನಿ. ಫೋಟೋ ನೋಡ್ಕೊಂಡು ಹಾಗೇ ಮಾಡ್ದೆ ಅಂತೀನಿ."

ಏನು ಹೇಳುವುದು ಇಂಥವರಿಗೆ? ಮೋಸ ಮಾಡುವಾಗಲೂ ಮಗಳ ಆಸೆ ತೀರಬೇಕು! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಆಟೋ ಹಿಡಿದೆ.

ಮೇಜು ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದಿತ್ತು. ಸ್ಕ್ರೂಗಳನ್ನು ಬಿಗಿಯಲು ಸಣ್ಣದೊಂದು ಬಾಗಿದ ಕೀಲಿ. ಅದು ಇವರ ಬೆರಳಿಗೆ ಸಿಗಲಿಲ್ಲ. ನಾನೇ ಬಿಗಿದೆ. ಆಮೇಲೆ ಇವರು ಅಂಗಡಿಯ ಬಣ್ಣ ತೆಗೆಯಲು ಸ್ಯಾಂಡ್‌ಪೇಪರ್ ಹಿಡಿದು ಉಜ್ಜತೊಡಗಿದರು. ಅಭ್ಯಾಸಬಲ ನೋಡಿ, ಗಟ್ಟಿ ಮರ ಉಜ್ಜಿದಂತೆ ಉಜ್ಜಿದರು. ಒಂದು ಅಂಚಿನಲ್ಲಿ ಮೇಲಿನ ಸಿಪ್ಪೆ ಸವೆದು ಒಳಗಿನ ಹೊಟ್ಟು ಕಂಡಿತು. ಇವರು ಆ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಗಂಡ ನನ್ನ ಮುಂದೆ ನಾಚಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಕಾಣಬಾರದಿತ್ತು. ನಾನೇ ಬಟ್ಟೆಯಲ್ಲಿ ಪಾಲಿಶ್ ಅದ್ದಿ ಆ ಜಾಗಕ್ಕೆ ಬಳಿದೆ.

ಶನಿವಾರ ಮೇಜು ಮಗಳ ಮನೆ ಸೇರಿತು. ಹೊತ್ತವರು ಇಳಿಸಿ ಹೋದ ಮೇಲೆ ಮಗಳು ಹತ್ತಿರ ಬಂದು ಅದರ ಸುತ್ತ ಒಂದು ಸುತ್ತು ಹಾಕಿದಳು. ಗುಂಡಗಿನ ಮೂಲೆ ಸವರಿದಳು. ಕಾಲು ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು.

"ನೀನು ತೋರ್ಸಿದ್ದೆಯಲ್ಲ, ಹಾಗೇ ಮಾಡ್ದೆ" ಎಂದರು ಇವರು, ಕಿಟಕಿಯ ಕಡೆ ತಿರುಗಿ.

"ಚೆನ್ನಾಗಿದೆ ಅಪ್ಪಾ" ಎಂದು ಹೇಳಿ ಅವಳು ನೀರು ತರಲು ಒಳಗೆ ಹೋದಳು. ನೀರು ತರಲು ತುಂಬ ಹೊತ್ತು ಹಿಡಿಯಿತು.

ಭಾನುವಾರ ಬೀಗರು ಬಂದರು. ಬೀಗಿತ್ತಿ ಬಾಯಿತುಂಬ ಮಾತಾಡುವ ಹೆಂಗಸು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವರಲ್ಲ. ಬೀಗರು ಊಟ ಮಾಡುವಾಗ ಊಟ ಮಾತ್ರ ಮಾಡುವವರು. ಎಲ್ಲರೂ ಆ ಮೇಜಿನ ಸುತ್ತ ಕೂತೆವು. ಇವರ ಎರಡೂ ಕೈ ಮೇಜಿನ ಅಡಿಯಲ್ಲೇ ಇದ್ದವು, ಬಡಿಸಿದ ಮೇಲೂ.

"ಅಯ್ಯೋ ಏನ್ ಕೆಲಸ ಬೀಗ್ರೇ! ಅಂಗಡೀಲಿ ಇಟ್ಟಿರೋ ಹಾಗೇ ಇದೆ" ಎಂದರು ಬೀಗಿತ್ತಿ.

"ಅಂಗಡೀದು ಇದರ ಮುಂದೆ ಯಾವ ಲೆಕ್ಕ ಅಮ್ಮ? ಇದು ಗಟ್ಟಿ ಮರ. ಕೇಳು ಬೇಕಾದ್ರೆ" ಎಂದು ಅಳಿಯ ಹೆಮ್ಮೆಯಿಂದ ಮೇಜನ್ನು ಟಕ್ ಟಕ್ ಬಡಿದ. ಮಾವನಿಂದ ಕಲಿತದ್ದು. ಬದ್ ಬದ್ ಎಂದಿತು ಅದು. ಯಾರೂ ಗಮನಿಸಲಿಲ್ಲ. ಇವರು ಮಾತ್ರ ಕಣ್ಣು ಮುಚ್ಚಿಕೊಂಡರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ.

ಬೀಗಿತ್ತಿ ಬಿಡಲಿಲ್ಲ. "ನಮ್ಮನೆಗೂ ಇಂಥದ್ದೇ ಒಂದು ಮಾಡ್ಕೊಡ್ಬೇಕು ಬೀಗ್ರೇ. ನಾಳೇನೇ ಬನ್ನಿ, ಅಳತೆ ತಗೊಂಡು ಹೋಗಿ. ಇಲ್ಲ ಅನ್ನೋ ಹಾಗಿಲ್ಲ."

ಎಲ್ಲರೂ ಇವರನ್ನೇ ನೋಡುತ್ತಿದ್ದೆವು. ಹೂಂ ಅಂದರೆ ಇನ್ನೊಂದು ಸುಳ್ಳು, ಊಹೂಂ ಅಂದರೆ ಯಾಕೆ ಎಂಬ ಪ್ರಶ್ನೆ. ಆಗ ಬಡಿಸುತ್ತಿದ್ದ ಮಗಳು, ತಲೆಯೆತ್ತದೆ, ಅತ್ತೆಯ ತಟ್ಟೆಗೆ ಅನ್ನ ಹಾಕುತ್ತಲೇ ಹೇಳಿದಳು:

"ಆಗಲ್ಲ ಅತ್ತೆ. ಅಪ್ಪ ಕೆಲಸ ಬಿಟ್ಟಿದಾರೆ. ಇದೇ ಕೊನೇದು ಅಂತ ನನಗೆ ಮಾಡ್ಕೊಟ್ರು."

"ಹೌದಾ! ಅಯ್ಯೋ ಪಾಪ. ಎಂಥ ಕೈ ಇತ್ತು!" ಎಂದರು ಬೀಗಿತ್ತಿ. ಅಳಿಯ ಮಾವನ ಬೆನ್ನು ಮುಟ್ಟಿ, "ಹೇಳಲೇ ಇಲ್ವಲ್ಲ ಮಾವ" ಎಂದ. ಇವರು ತಟ್ಟೆ ನೋಡುತ್ತಾ ಕೂತರು.

ನಾನು ಖಾಲಿ ಪಾತ್ರೆ ಎತ್ತಿಕೊಂಡು ಮಗಳ ಹಿಂದೆಯೇ ಅಡುಗೆಮನೆಗೆ ಹೋದೆ. ಅವಳು ನಲ್ಲಿ ತಿರುಗಿಸಿ, ತೊಳೆಯುವುದಕ್ಕೇನೂ ಇಲ್ಲದೆ ನೀರಿಗೆ ಕೈಯೊಡ್ಡಿ ನಿಂತಿದ್ದಳು.

"ಗೊತ್ತಾಯ್ತೇನೇ?"

"ನಿನ್ನೆ ಬಾಗಿಲಲ್ಲಿ ಬಂದಾಗ್ಲೇ ಗೊತ್ತಾಯ್ತು. ಎಷ್ಟು ಸಲ ನೋಡಿದ್ದೆ ಅಮ್ಮ ಅದನ್ನ ಅಂಗಡೀಲಿ."

"ಅವರ ಕೈ ಈಗ ಮೊದಲಿನ ಹಾಗಿಲ್ಲ ಕಣೇ. ನಿನಗೆ ಹೇಳೋದಕ್ಕೆ ನಾಚಿಕೆ ಪಟ್ಕೊಂಡ್ರು."

ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಅತ್ತಳು. "ನಾಚಿಕೆ? ನನ್ನ ಹತ್ರ? ಕೈ ನೋಯತ್ತೆ, ಆಗಲ್ಲ ಕಣಮ್ಮ ಅಂತ ಒಂದು ಮಾತು ಹೇಳೋದಕ್ಕಾಗ್ಲಿಲ್ವಾ? ಊರಿಗೆಲ್ಲ ಗೇಣು ಮೇಸ್ತ್ರಿ ಇರಲಿ. ನಾನೂ ಒಬ್ಬ ಗಿರಾಕಿನಾ ಅಪ್ಪನಿಗೆ?"

ಉತ್ತರ ಕೊಡಲು ತಿರುಗಿದರೆ ಬಾಗಿಲಲ್ಲಿ ಇವರು. ಕೈ ತೊಳೆಯಲು ಬಂದಿದ್ದರೋ ಏನೋ. ಎಲ್ಲ ಕೇಳಿಸಿಕೊಂಡಿದ್ದರು. ಮಗಳು ಸೆರಗಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ತಿರುಗಿ ಹೊರಟೇಬಿಟ್ಟರು. ನಾವಿಬ್ಬರೂ ಹಿಂದೆ ಓಡಿದೆವು.

ಇವರು ಮೇಜಿನ ಹತ್ತಿರ ನಿಂತು, ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಅದರ ಮೇಲಿಟ್ಟರು. ಬೆರಳುಗಳನ್ನು ಅಗಲಿಸಲು ನೋಡಿದರು. ಅವು ಅರ್ಧಕ್ಕೇ ನಿಂತವು.

"ಇದು ನಾನು ಮಾಡಿದ್ದಲ್ಲ. ಅಂಗಡಿಯಿಂದ ತಂದಿದ್ದು. ಹೊರದೇಶದ್ದು. ಬಣ್ಣ ಬದಲಾಯಿಸಿ ನಂದು ಅಂತ ಹೇಳ್ದೆ. ನನ್ನ ಕೈ ಈಗ ಇಷ್ಟೇ ಬಿಚ್ಚಿಕೊಳ್ಳೋದು. ನನ್ನಿಂದ ಆಗಲಿಲ್ಲ."

ಅಳಿಯನ ಮುಖ ಕೆಂಪಾಯಿತು. ಬೀಗರು ಊಟ ನಿಲ್ಲಿಸಿದರು. ಅಷ್ಟು ಹೇಳಿ ಇವರಿಗೆ ಭಾರ ಇಳಿದಂತಾಗಿರಬೇಕು, ಉದ್ದಕ್ಕೆ ಉಸಿರು ಬಿಟ್ಟರು. ನನಗೂ ಒಂದು ಕ್ಷಣ ಸಮಾಧಾನವಾಯಿತು. ಆದರೆ ಬೀಗಿತ್ತಿ ನೋಡಿದ್ದು ಇವರನ್ನಲ್ಲ, ಸೊಸೆಯನ್ನು.

"ಅಲ್ಲಮ್ಮ, ಕೆಲಸ ಬಿಟ್ಟಿದಾರೆ, ಇದೇ ಕೊನೇದು ಅಂತ ನೀನೇ ಹೇಳಿದೆಯಲ್ಲ ಈಗ? ನನ್ನ ತಟ್ಟೆಗೆ ಬಡಿಸ್ತಾ?"

ಸಿಟ್ಟಿನ ದನಿಯಲ್ಲ ಅದು. ಅರ್ಥವಾಗದ, ಸ್ವಲ್ಪ ನೊಂದ ದನಿ. ಮಗಳು ಸೆರಗು ಹಿಡಿದು ನಿಂತಲ್ಲೇ ನಿಂತಳು. ಹೊಸ ಮನೆಯ ಮೊದಲ ಊಟದಲ್ಲಿ, ಅತ್ತೆಯ ಮುಂದೆ, ಗಂಡನ ಮುಂದೆ ಸುಳ್ಳುಗಾತಿಯಾಗಿ ನಿಂತಿದ್ದಳು ನನ್ನ ಮಗಳು. ಇವರು ಸುಳ್ಳು ಹೇಳಿ ಒಮ್ಮೆ ಅವಳ ತಲೆ ತಗ್ಗಿಸಿದ್ದರು, ಈಗ ನಿಜ ಹೇಳಿ ಇನ್ನೊಮ್ಮೆ. ಅದು ಅವರಿಗೂ ಆಗಲೇ ಹೊಳೆಯಿತು.

"ಅವಳು ಸುಳ್ಳು ಹೇಳಿಲ್ಲ ಬೀಗಿತ್ತಿಯವ್ರೇ" ಎಂದರು. "ಮೇಜಿನ ವಿಷಯ ಅವಳಿಗೆ ಗೊತ್ತೇ ಇರ್ಲಿಲ್ಲ. ನಾನು ಹೇಳಿದ್ದನ್ನ ನಂಬಿದ್ಲು. ಕೆಲಸ ಬಿಟ್ಟಿದ್ದಂತೂ ನಿಜ. ಅವಳು ಹೇಳಿದ್ದು ನಿಜ. ಬಿಟ್ಟಿದೀನಿ."

ಅವರು ಬಿಟ್ಟಿರಲಿಲ್ಲ. ಹಿಂದಿನ ದಿನವಷ್ಟೇ ಪಕ್ಕದ ಬೀದಿಯವರಿಗೆ ಎರಡು ಕಿಟಕಿಗೆ ಒಪ್ಪಿಕೊಂಡು ಬಂದಿದ್ದರು, ಮಧ್ಯಾಹ್ನದ ಹೊತ್ತು ಮಾತ್ರ ಕೆಲಸ ಮಾಡಿದರೆ ಆದೀತು ಎಂದುಕೊಂಡು. ಅದು ನನಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು, ನಾನೇ ಹೇಳಿದ್ದೆ. ಅವಳು "ಅಪ್ಪಾ" ಎಂದಳು. ಇವರು ತಲೆಯಾಡಿಸಿ ಸುಮ್ಮನಿರು ಎಂದು ಸನ್ನೆ ಮಾಡಿದರು.

ಬೀಗಿತ್ತಿ ಎದ್ದು ಕುರ್ಚಿ ಎಳೆದುಕೊಟ್ಟರು. "ಕೂತ್ಕೊಳ್ಳಿ ಬೀಗ್ರೇ, ಅರ್ಧ ಊಟದಲ್ಲಿ ಎದ್ದಿದೀರಿ." ಇವರು ಕೂತರು, ಎಡಗೈಯಿಂದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಉಂಡರು. ಯಾರೂ ಮೇಜಿನ ಮಾತು ಎತ್ತಲಿಲ್ಲ.

ಸೋಮವಾರ ಹೋಗಿ ಆ ಎರಡು ಕಿಟಕಿಗಳ ಕೆಲಸ ಆಗುವುದಿಲ್ಲ ಎಂದು ಹೇಳಿ ಬಂದರು. ಉಳಿ, ಗರಗಸ, ಕೀಸುಳಿ ಎಲ್ಲವನ್ನೂ ಬೀದಿಯ ಬೇರೆ ಬಡಗಿಗಳಿಗೆ ಹಂಚಿಬಿಟ್ಟರು. ನಾನು ಜಗಳವಾಡಿದೆ. ಮಗಳು ಬಂದು ಬೇಡಿಕೊಂಡಳು. "ಇವಳ ಅತ್ತೆ ಎಂದಾದ್ರೂ ಈ ಬೀದೀಲಿ ಹೋಗ್ತಾ ಷೆಡ್ಡಲ್ಲಿ ಸದ್ದು ಕೇಳಿದ್ರೆ?" ಎಂದರು ನನಗೆ, ಅಷ್ಟೇ.

ಈಗಲೂ ಹಳೆಯ ಗಿರಾಕಿಗಳು ಬರುತ್ತಾರೆ. ಯಾಕೆ ಮೇಸ್ತ್ರಿ, ಕೈಯಲ್ಲಿ ಆಗಲ್ವಾ ಎಂದು ಕೇಳುತ್ತಾರೆ. "ಮಗಳು ಬೇಡ ಅಂದ್ಲು, ಬಿಟ್ಟೆ" ಎನ್ನುತ್ತಾರೆ ಇವರು. ಇಂಥ ಮಗಳು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅವರು ಹೊಗಳುತ್ತಾರೆ. ಇವರು ಹೌದು ಎಂದು ತಲೆಯಾಡಿಸುತ್ತಾರೆ. ಆ ಹೊತ್ತಿನಲ್ಲಿ ಇವರ ಮುಖ ನೋಡಲು ನನ್ನಿಂದಾಗುವುದಿಲ್ಲ. ಚಹಾ ತರುತ್ತೇನೆ ಎಂದು ಹೇಳಿ ಒಳಗೆ ಹೋಗುತ್ತೇನೆ.